ಲ್ಯಾಬಮ್ಮನ ಬೆಳ್ಳಿ ಲೋಟ

ಮೂವತ್ತೊಂದು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಗಾಜು ತೊಳೆದ ಆಕೆಯನ್ನು ಹೆಡ್‌ಮಾಸ್ತರರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಲ್ಯಾಬಮ್ಮ ಎಂದೇ ಕರೆಯುತ್ತಿದ್ದರು. ಅಷ್ಟರಲ್ಲಿ ಆರು ಜನ ವಿಜ್ಞಾನದ ಮೇಷ್ಟ್ರುಗಳು ಬಂದುಹೋದರು. ಪ್ರಯೋಗ ಅಂದರೆ ಐವರಿಗೆ ತಲೆನೋವು. ಅವರು ಬೋರ್ಡಿನ ಮೇಲೆ ಅಳತೆ ಜಾಡಿಯ ಚಿತ್ರ ಬರೆಯುತ್ತಿದ್ದರೆ, ಲ್ಯಾಬಮ್ಮ ಹಿಂದಿನ ಬೆಂಚಿನಲ್ಲಿ ನಿಜವಾದ ಜಾಡಿಗೆ ನೀರು ಹೊಯ್ದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಗೆರೆ ಓದುವುದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಈಗಿನ ಮೇಷ್ಟ್ರು ಅವಳನ್ನು ತಿದ್ದುತ್ತಿದ್ದುದು ಒಂದೇ ವಿಷಯಕ್ಕೆ.

“ತೂಕ ಅನ್ಬಾರ್ದು ಲ್ಯಾಬಮ್ಮ, ದ್ರವ್ಯರಾಶಿ ಅನ್ಬೇಕು.”

“ಏನಾದ್ರೂ ಅನ್ನಿ ಸಾರ್, ಒಂದ್ಸಲ ತಕ್ಕಡಿ ಮುಟ್ಟಿ ಅನ್ನಿ.”

ನಿವೃತ್ತಿಯ ದಿನ ಸಭೆ ಮಾಡಿದರು. “ಈಕೆಯ ಸೇವೆಯನ್ನು ಅಳೆಯುವ ಮಾಪಕವೇ ಇಲ್ಲ,” ಎಂದು ಭಾಷಣ ಬಿಗಿದ ಹೆಡ್‌ಮಾಸ್ತರರು ಅಪ್ಪಟ ಬೆಳ್ಳಿಯದೆಂದು ಒಂದು ಲೋಟ ಕೊಟ್ಟರು. ಅದನ್ನು ಕೊಂಡು ತಂದವರು ಆಫೀಸಿನ ಕ್ಲಾರ್ಕು. ಲೋಟ ಅಂಗೈಗೆ ಬಂದೊಡನೆ ಲ್ಯಾಬಮ್ಮನಿಗೆ ಕಸಿವಿಸಿಯಾಯಿತು. ಗಾತ್ರಕ್ಕೆ ತಕ್ಕ ಭಾರವಿಲ್ಲ.

ಸಂಜೆ ಪ್ರಯೋಗಾಲಯದ ಸಾಮಾನುಗಳ ಲೆಕ್ಕ ಒಪ್ಪಿಸುವಾಗ ಕೈ ಸುಮ್ಮನಿರಲಿಲ್ಲ. ಲೋಟವನ್ನು ತಕ್ಕಡಿಗೆ ಇಟ್ಟಳು: ಇನ್ನೂರ ಐವತ್ತೈದು ಗ್ರಾಂ. ಪಕ್ಕದಲ್ಲಿ ಮೂತಿಯಿರುವ ಡಬ್ಬಿಗೆ ಆ ಮೂತಿಯವರೆಗೆ ನೀರು ತುಂಬಿ ಲೋಟವನ್ನು ಮುಳುಗಿಸಿದಳು; ಹೊರಚೆಲ್ಲಿದ ನೀರು ಜಾಡಿಯಲ್ಲಿ ಮೂವತ್ತು ಮಿಲಿಲೀಟರ್. ಭಾಗಿಸಿದರೆ ಎಂಟೂವರೆ. ಗೋಡೆಯ ಪಟ್ಟಿಯಲ್ಲಿ ಬೆಳ್ಳಿಯ ಸಾಂದ್ರತೆ ಹತ್ತೂವರೆ. ಎಂಟೂವರೆಯ ಎದುರಿಗೆ ಇದ್ದದ್ದು ಹಿತ್ತಾಳೆ.

ಮನೆಯಲ್ಲಿ ದರ್ಜಿ ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದ: “ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಸುಮ್ನಿರೇ.”

“ಮೊಳ ಹಾಕಿಯೇ ಅಲ್ವೇನ್ರೀ ನಾವಿಬ್ರೂ ಹೊಟ್ಟೆ ಹೊರೆದದ್ದು?”

ಮರುದಿನ ಶಾಲೆಗೆ ಹೋಗಿ, ಲೋಟ ಹಿತ್ತಾಳೆಯದೆಂದು ಹೇಳಿಯೇಬಿಟ್ಟಳು. ಹೆಡ್‌ಮಾಸ್ತರರು ಕೂಡಲೇ ಮೂವರ ಸಮಿತಿ ಮಾಡಿದರು: ತಾವು, ವಿಜ್ಞಾನದ ಮೇಷ್ಟ್ರು, ಲೋಟ ತಂದ ಕ್ಲಾರ್ಕು. ಮೇಷ್ಟ್ರು ತಾವೇ ಅಳೆದರೂ ಬಂದದ್ದು ಎಂಟೂವರೆಯೇ. ಕ್ಲಾರ್ಕು ರಸೀದಿ ಬಿಚ್ಚಿದರು.

“ಇಲ್ಲಿ ಬೆಳ್ಳಿ ಅಂತ ಅಚ್ಚಾಗಿದೆ. ರಸೀದಿ ಸುಳ್ಳು ಹೇಳುತ್ತಾ? ಜಾಡಿನೇ ಕೆಟ್ಟಿರ್ಬೇಕು.”

ಲ್ಯಾಬಮ್ಮ ಖಾಲಿ ಜಾಡಿ ತೂಗಿದಳು. ನೂರರ ಗೆರೆಯವರೆಗೆ ನೀರು ಹೊಯ್ದು ಮತ್ತೆ ತೂಗಿದಳು. ಸರಿಯಾಗಿ ನೂರು ಗ್ರಾಂ ಏರಿತು.

“ನೋಡಿ ಸಾರ್, ಜಾಡಿ ನೆಟ್ಟಗಿದೆ.”

ಹೆಡ್‌ಮಾಸ್ತರರು ಗಂಭೀರವಾಗಿ ಯೋಚಿಸಿದರು. “ಹಾಗಾದ್ರೆ ತಕ್ಕಡಿನೂ ಅಷ್ಟೇ ಕೆಟ್ಟಿದೆ.”

ಎರಡೂ ಒಂದೇ ಸಮ ಕೆಟ್ಟಿದ್ದರೂ ಭಾಗಿಸಿದಾಗ ಉತ್ತರ ಬದಲಾಗದು ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಫ್ಯಾನು ನೋಡುತ್ತಾ ಅವರೂ ಸಮಿತಿಯ ವರದಿಗೆ ಸಹಿ ಹಾಕಿದರು. ಜಾಡಿ, ತಕ್ಕಡಿ ಎರಡೂ ಗುಜರಿಗೆ ಎಂದು ತೀರ್ಮಾನವಾಯಿತು.

“ಗುಜರಿಗೆ ಯಾಕೆ? ನಂಗೇ ಕೊಡಿ,” ಎಂದಳು ಲ್ಯಾಬಮ್ಮ. ಪೀಡೆ ತೊಲಗಿತು ಎಂದು ಕೊಟ್ಟರು. ಬಸ್ಸಿನಲ್ಲಿ ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಸಭೆಯಲ್ಲಿ ಬಾರದ ಅಳು ಅವಳಿಗೆ ಬಂತು.

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಕ್ಲಾರ್ಕು ನಿಂತಿದ್ದರು, ಕೈಯಲ್ಲಿ ಕರವಸ್ತ್ರದ ಗಂಟು. ಅದರಲ್ಲಿ ನಾಲ್ಕು ಚಿನ್ನದ ಬಳೆ.

“ಮಗಳ ಮದುವೆಗೆ ತಗೊಂಡೆ ಲ್ಯಾಬಮ್ಮ. ಒಂಚೂರು ನೋಡಿಕೊಡಿ. ಯಾರಿಗೂ ಹೇಳ್ಬೇಡಿ.”

“ರಸೀದಿ ಕೊಟ್ಟಿಲ್ವಾ ಸಾರ್?”

“ಕೊಟ್ಟಿದಾನೆ. ರಸೀದಿ ಏನು ಮಹಾ, ಕಾಗದ ತಾನೇ!”

“ನನ್ನ ಜಾಡಿ, ತಕ್ಕಡಿ ಎರಡೂ ಕೆಟ್ಟಿವೆಯಲ್ಲ? ನೀವೇ ಸಹಿ ಹಾಕಿದ್ದು.”

ಕ್ಲಾರ್ಕು ಬಳೆಗಳನ್ನು ಅವಳ ಮುಂದೆ ಸರಿಸಿದರು. ಮದುವೆಯ ಹುಡುಗಿ ಲ್ಯಾಬಮ್ಮನ ಹಿಂದಿನ ಬೆಂಚಿನಲ್ಲಿ ಗೆರೆ ಓದಲು ಕಲಿತವಳು; ಅಪ್ಪನ ತಪ್ಪಿಗೆ ಮಗಳನ್ನು ಯಾಕೆ ಗೋಳಾಡಿಸಬೇಕು? ಲ್ಯಾಬಮ್ಮ ತೂಗಿದಳು: ಎಪ್ಪತ್ತು ಗ್ರಾಂ. ಮುಳುಗಿಸಿದಳು: ನಾಲ್ಕು ಮಿಲಿಲೀಟರ್.

“ಹದಿನೇಳೂವರೆ. ಇಪ್ಪತ್ತೆರಡು ಕ್ಯಾರೆಟ್ ಚಿನ್ನಕ್ಕೆ ಇಷ್ಟೇ ಬರೋದು. ಒಡವೆ ಚೆನ್ನಾಗಿದೆ ಸಾರ್, ಧೈರ್ಯವಾಗಿ ಹಾಕಿ.”

ಕ್ಲಾರ್ಕಿಗೆ ಹೋದ ಜೀವ ಬಂದಂತಾಯಿತು. ಕರವಸ್ತ್ರದಿಂದ ಮುಖ ಒರೆಸಿಕೊಂಡು ಮೆಲ್ಲಗೆ, “ಲೋಟದ ವಿಷಯದಲ್ಲಿ... ತಪ್ಪಾಯ್ತು ಲ್ಯಾಬಮ್ಮ,” ಎಂದರು.

“ದೊಡ್ಡ ಮಾತು ಸಾರ್. ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಡಿ,” ಎಂದು ಅವಳು ಪೆನ್ನು ಮುಂದೆ ಚಾಚಿದಳು.

ಕ್ಲಾರ್ಕಿಗೆ ಥಟ್ಟನೆ ಆಫೀಸಿನ ತುರ್ತು ಕೆಲಸವೊಂದು ನೆನಪಾಯಿತು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದರು. ಒಳಗಿನಿಂದ ದರ್ಜಿ ಹೋ ಎಂದು ನಕ್ಕದ್ದು ಬೀದಿಯವರೆಗೂ ಕೇಳಿಸಿತು.