ನನ್ನ ಹೆಸರಿನ ಪರವಾನಗಿ

ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ ದಿನಗಳಲ್ಲಿ ನಾನು ಕುಡಿಯುತ್ತಿದ್ದೆ. ಆಗ ದಾರೂಬಂದಿ, ಅಂದರೆ ಪಾನನಿಷೇಧ, ಇತ್ತು. ಆದರೂ ಊರ ಹೊರಗೆ ಕಳ್ಳಭಟ್ಟಿ ಬೇಕಾದಷ್ಟು ಸಿಗುತ್ತಿತ್ತು. ಮೂವತ್ತೆರಡನೆಯ ವಯಸ್ಸಿಗೆ ಮೆದುಳಿಗೆ ಜ್ವರ ಏರಿತು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿ ಎದ್ದಾಗ ಬಲಗೈ, ಬಲಗಾಲು ಸತ್ತಿದ್ದವು. ಇನ್ನು ಮುಟ್ಟುವುದಿಲ್ಲ ಎಂದು ಅಲ್ಲೇ ಹೆಂಡತಿಗೆ ಮಾತು ಕೊಟ್ಟೆ. ಅಂಥ ಮಾತನ್ನು ಅವಳು ಮೊದಲೂ ಕೇಳಿದ್ದಳು.

ಗಡಹಿಂಗ್ಲಜದಲ್ಲಿ ನಮ್ಮಣ್ಣನದು ಮೆಣಸಿನಕಾಯಿ ವ್ಯಾಪಾರ. ನಮ್ಮಿಬ್ಬರನ್ನೂ ಕರೆದೊಯ್ದು ಹಿತ್ತಲ ಕಡೆಯ ಖೋಲಿ ಕೊಟ್ಟ. ನಾನು ಅಂಗಡಿಯಲ್ಲಿ ಕೂತು ಎಡಗೈಯಿಂದ ಕಾಯಿ ಆರಿಸುತ್ತಿದ್ದೆ. ಸಂಜೆಯಾದರೆ ಮೈ ಕುಡಿತ ಬೇಡುತ್ತಿತ್ತು. ಬೆಲ್ಲದ ತುಂಡು ಬಾಯಲ್ಲಿಟ್ಟುಕೊಂಡು ಆ ಹೊತ್ತು ಕಳೆಯುತ್ತಿದ್ದೆ. ಹೀಗೆ ಒಂದು ವರ್ಷ ದಾಟಿತು.

ಒಂದು ದಿನ ಅಣ್ಣ, ಕೈಕಾಲು ಸೋತವರಿಗೆ ಸರಕಾರ ಏನೋ ಸಹಾಯ ಮಾಡುತ್ತದಂತೆ, ಡಾಕ್ಟರಿಗೆ ತೋರಿಸಬೇಕು ಎಂದು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದ. ಮೆಟ್ಟಿಲು ಬಂದಾಗ ಬೆನ್ನ ಮೇಲೆ ಹೊತ್ತುಕೊಂಡ. ಅವನ ಅಂಗಿಯ ಮೇಲೆ ನನ್ನ ಕಣ್ಣೀರು ಬಿತ್ತು. ಡಾಕ್ಟರು ಕಾಲು ನೋಡಿ ಏನೋ ಬರೆದರು. ಇಂಗ್ಲಿಷ್ ಕಾಗದದ ಮೇಲೆ ಅಣ್ಣ ತೋರಿಸಿದಲ್ಲಿ ಎಡಗೈಯಿಂದ ಸಹಿ ಹಾಕಿದೆ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೆಂಡತಿ ಅರ್ಧ ಬಾಟಲಿಯನ್ನೂ ಒಂದು ಸಣ್ಣ ಪುಸ್ತಕವನ್ನೂ ನನ್ನ ಮುಂದಿಟ್ಟಳು. ಅಂಗಡಿಯ ಚೀಲಗಳ ಹಿಂದೆ ಸಿಕ್ಕಿದ್ದವು. ಪುಸ್ತಕವನ್ನು ಓಣಿಯ ಮಾಸ್ತರರಿಂದ ಓದಿಸಿಕೊಂಡು ಬಂದಿದ್ದಳು. ರೋಗಿಗೆ ಔಷಧವೆಂದು ವಿದೇಶಿ ಮದ್ಯ ಕೊಳ್ಳುವ ಪರವಾನಗಿ ಅದು. ಹೆಸರು ನನ್ನದು.

"ಖರೇ ಹೇಳ್ರಿ. ಮತ್ತ ಚಾಲೂ ಮಾಡೀರೇನು?"

ದೇವರಾಣೆ ಹಾಕಿದೆ. ಅವಳು ಗಂಟು ಕಟ್ಟಿಕೊಂಡು ಮುರಗೂಡಿನ ತವರಿಗೆ ಹೋದಳು.

ಬಾಟಲಿ ನನ್ನೆದುರಿಗೇ ಉಳಿಯಿತು. ಹೇಗೂ ಹೆಸರು ಬಂದಿದೆ, ಕುಡಿದರೇನು ಅನಿಸಿತು. ಹಲ್ಲಿನಿಂದ ಬಿರಡೆ ಕಿತ್ತೆ. ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಅಣ್ಣ ಬಂದ. ಅಂದು ಸಹಿ ಹಾಕಿಸಿದ್ದು ಇದಕ್ಕೇನು, ಹೀಗೇಕೆ ಮಾಡಿದೆ ಎಂದು ಕೇಳಿದೆ. ಅವನು ನಾಚಲೂ ಇಲ್ಲ, ಸಿಟ್ಟಿಗೇಳಲೂ ಇಲ್ಲ.

"ಕುಡದಾಂವ ನಾ, ಹೌದು. ನನ್ನ ಹೆಸರಿಲೆ ತಗೊಂಡ್ರ ಪ್ಯಾಟ್ಯಾಗ ಮರ್ಯಾದಿ ಉಳೀತೈತೇನು? ನಿನ್ನ ಹೆಸರು ಮೊದಲ ಕೆಟ್ಟಿತ್ತು. ಅದಕ್ಕಿನ್ನ ಏನ ಆಗೂದೈತಿ?"

ಬಾಟಲಿಯನ್ನು ಅವನ ಕೈಗೆ ಕೊಟ್ಟೆ. ಆಗ ನಾನು ಒಂದು ಗುಟುಕು ಕುಡಿದಿದ್ದರೂ ಅವನ ಮಾತು ನಿಜವಾಗುತ್ತಿತ್ತು.

ಮರುದಿನ ಕೋಲೂರಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದೆ. ಹಳೆಯ ಜೊತೆಗಾರ ನೇಕಾರನೊಬ್ಬ ಮಗ್ಗದ ಕಂಡಿಕೆಗೆ ನೂಲು ಸುತ್ತುವ, ಕೂತು ಒಂದೇ ಕೈಯಿಂದ ಮಾಡುವ ಕೆಲಸ ಕೊಡಿಸಿದ. ಪರವಾನಗಿಯನ್ನು ಕೊಲ್ಹಾಪುರದ ಕಚೇರಿಗೆ ಹಿಂದಿರುಗಿಸಿದಾಗ ಗುಮಾಸ್ತ ನನ್ನ ಮುಖವನ್ನೇ ನೋಡಿದ. ಇದನ್ನು ಕೇಳಲು ಬರುವವರೇ ಎಲ್ಲ, ವಾಪಸು ಕೊಡಲು ಬಂದವರನ್ನು ಕಂಡಿಲ್ಲ ಎಂದ.

ಹೆಂಡತಿ ಎಂಟು ತಿಂಗಳ ಮೇಲೆ ತಾನಾಗಿಯೇ ಬಂದಳು. ನನ್ನನ್ನು ನಂಬಿ ಬಂದದ್ದಲ್ಲ, ನೋಡೋಣ ಎಂದು ಬಂದದ್ದು ಎಂದು ಬಾಗಿಲಲ್ಲೇ ಹೇಳಿದಳು. ಅಷ್ಟು ಸಾಕಾಯಿತು. ಆಮೇಲೆ ನಾನು ಕುಡಿಯಲಿಲ್ಲ.

ಗಡಹಿಂಗ್ಲಜದ ಪೇಟೆಯಲ್ಲಿ ಮಾತ್ರ, ಕುಡುಕ ತಮ್ಮನನ್ನು ಬೆನ್ನ ಮೇಲೆ ಹೊತ್ತು ಸಾಕಿದವನೆಂದು ಅಣ್ಣನನ್ನು ಈಗಲೂ ಹೊಗಳುತ್ತಾರೆ. ಹೊತ್ತದ್ದಂತೂ ಸುಳ್ಳಲ್ಲ.