ಕೇಳದೆ ಹಾಕಿದ ರೊಟ್ಟಿ

ಶಿವಗಂಗಾಳ ಕೈಗೆ ಒಂದು ಚಾಳಿ ಇತ್ತು. ಎದುರಿಗಿದ್ದವರಿಗೆ ಏನು ಬೇಕು ಎಂಬುದು ಅವರಿಗಿಂತ ಮೊದಲು ಅದಕ್ಕೇ ಗೊತ್ತಾಗಿಬಿಡುತ್ತಿತ್ತು. ಶಹಾಪುರದ ಕಡೆಯ ಅವಳ ಗಂಡನ ಊರಿನಲ್ಲಿ ಇದನ್ನು ಚಾಳಿ ಎನ್ನುತ್ತಿರಲಿಲ್ಲ, ಸಂಸ್ಕಾರ ಎನ್ನುತ್ತಿದ್ದರು. ಅಲ್ಲಿ ಉಣ್ಣಲು ಕೂತವರು ಬಾಯಿಬಿಟ್ಟು ಕೇಳಬಾರದು. ಕೇಳುವ ತನಕ ಬಿಟ್ಟರೆ ಬಡಿಸುವವಳ ಮಾನ ಹೋದಂತೆ. ಸಾಕಾದವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಬಡಿಸುವವಳು ಆ ಕೈಯ ಸಂದಿಯಿಂದಲೇ ಇನ್ನೊಂದು ರೊಟ್ಟಿ ಜಾರಿಸುತ್ತಾಳೆ. ಹೀಗೆ ಜಾರಿಸುವುದರಲ್ಲಿ ಶಿವಗಂಗಾಳನ್ನು ಮೀರಿಸುವವರು ಆ ಮನೆತನದಲ್ಲೇ ಇರಲಿಲ್ಲ.

ಹೈದರಾಬಾದಿನ ಮಣಿಕೊಂಡದಲ್ಲಿ ಇದೇ ಗುಣ ಅವಳನ್ನು ಫೇಲು ಮಾಡಿತು.

ಅವಳು ಹೈದರಾಬಾದಿಗೆ ಬಂದದ್ದು ಗಂಡ ಹುಲಗೇಶನ ಹಿಂದೆ. ಅವನು ಹೊಸ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಕೂರಿಸುತ್ತಿದ್ದ. ಆ ವರ್ಷಗಳಲ್ಲಿ ಒಂದು ಕಟ್ಟಡದ ಕೆಲಸ ಮುಗಿಯುವುದರೊಳಗೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು, ಎರಡನ್ನೂ ಕಂಪ್ಯೂಟರಿನವರು ಬಂದು ತುಂಬುತ್ತಿದ್ದರು. ಅವರ ಮಕ್ಕಳಲ್ಲಿ ಕೆಲವರಿಗೆ ಆಟಿಸಂ ಇರುತ್ತಿತ್ತು. ಅಂಥವರಿಗಾಗಿ ವಿಶಾಲಾಕ್ಷಿ ಎಂಬ ಧಾರವಾಡದ ಹೆಣ್ಣುಮಗಳು, ಅಮೆರಿಕದಲ್ಲಿ ಕಲಿತು ಬಂದವರು, ಮಣಿಕೊಂಡದ ಬಾಡಿಗೆ ಮನೆಯೊಂದರಲ್ಲಿ ಕೇಂದ್ರ ತೆರೆದಿದ್ದರು. ಲಿಂಗಂಪಲ್ಲಿಯಿಂದ ದಿನಾ ಬಸ್ಸು ಹತ್ತಿ ಬರುತ್ತಿದ್ದ ಶಿವಗಂಗಾ ಅಲ್ಲಿ ಆಯಾ. ಪಿಯುಸಿ ಪಾಸಾಗಿದ್ದಾಳೆ, ಮೇಲಾಗಿ ಮಕ್ಕಳು ಅವಳನ್ನು ಕಚ್ಚುವುದು ಕಡಿಮೆ ಎಂದು ವಿಶಾಲಾಕ್ಷಿ ಅವಳನ್ನು ಥೆರಪಿಸ್ಟ್ ತರಬೇತಿಗೆ ಸೇರಿಸಿಕೊಂಡರು.

ಪಾಠ ಮೇಲ್ನೋಟಕ್ಕೆ ಸುಲಭ. ಹಾಳೆಯಲ್ಲಿ ಮೂರು ಮನೆ. ಮೊದಲು ಏನಾಯಿತು, ಆಗ ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಮಗು ಯಾಕೆ ಹಟ ಮಾಡುತ್ತದೆ ಎಂಬುದು ಮೂರನೆಯ ಮನೆಯಲ್ಲಿ ಸಿಗುತ್ತದಂತೆ. ಶಿವಗಂಗಾ ಅಭ್ಯಾಸಕ್ಕೆಂದು ಗಂಡನ ಮೇಲೆ ಒಂದು ಹಾಳೆ ಬರೆದಳು. ಮೊದಲು: ಚಟ್ನಿ ಇರಲಿಲ್ಲ. ಆಗ: ಮುಖ ಊದಿಸಿದ. ಆಮೇಲೆ: ತುಪ್ಪ ಸಿಕ್ಕಿತು. ಇಷ್ಟು ವರ್ಷದ ಸಂಸಾರ ಒಂದೇ ಸಾಲಿಗೆ ಬಂದದ್ದು ನೋಡಿ ಅವಳಿಗೆ ಈ ವಿದ್ಯೆಯ ಮೇಲೆ ಗೌರವ ಹುಟ್ಟಿತು.

ತೊಡಕಾದದ್ದು ಸಹಸ್ರಳ ಹತ್ತಿರ. ಐದು ವರ್ಷದ ಆ ತೆಲುಗು ಹುಡುಗಿ ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿದವಳಲ್ಲ. ತಾಯಿ ಊಹಿಸಿ ಕೊಡುತ್ತಿದ್ದಳು. ಊಹೆ ತಪ್ಪಿದ ದಿನ ಹುಡುಗಿ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದಳು. ಈಗ ಅವಳು ದ್ರಾಕ್ಷಿಯ ಚಿತ್ರವಿದ್ದ ಕಾರ್ಡನ್ನು ಎತ್ತಿ ಶಿವಗಂಗಾಳ ಕೈಗೆ ಕೊಡಬೇಕು, ಕೊಟ್ಟ ಕೂಡಲೇ ದ್ರಾಕ್ಷಿ ಸಿಗಬೇಕು. ಕೈ ಹಿಡಿದು ಕಲಿಸಿ ಆಗಿತ್ತು. ಇನ್ನು ಅವಳಾಗಿಯೇ ಮಾಡಲೆಂದು ಮನಸ್ಸಿನಲ್ಲಿ ಐದು ಎಣಿಸುತ್ತ ಸುಮ್ಮನೆ ಕಾಯುವುದೇ ಶಿವಗಂಗಾಳ ಪರೀಕ್ಷೆ. ಅಷ್ಟೇ.

ಅಷ್ಟು ಮಾತ್ರ ಅವಳಿಂದ ಆಗಲಿಲ್ಲ. ಹುಡುಗಿಯ ಕಣ್ಣು ದ್ರಾಕ್ಷಿಯ ಕಡೆ ಹೊರಳಿದರೆ ಸಾಕು, ಶಿವಗಂಗಾಳ ಕೈ ಎರಡು ಎಣಿಸುವಷ್ಟರಲ್ಲೇ ಮುಂದೆ ಹೋಗುತ್ತಿತ್ತು. ಹತ್ತು ಸಲದಲ್ಲಿ ಏಳು ಸಲ ಕೇಳುವ ಮೊದಲೇ ಕೊಟ್ಟಳು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆ ಗೊತ್ತಿಲ್ಲವೇ ಎಂದು ವಿಶಾಲಾಕ್ಷಿ ಕೇಳಿದರು. ಗಾದೆ ಗೊತ್ತಿತ್ತು. ಅಂಥ ತಾಯಿಯ ಬಗ್ಗೆ ಶಿವಗಂಗಾಳಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ, ಅದರಲ್ಲೂ ತಪ್ಪಿದರೆ ಸಹಸ್ರಳನ್ನು ಬೇರೆಯವರಿಗೆ ಒಪ್ಪಿಸಿ ಆಯಾ ಕೆಲಸಕ್ಕೆ ಮರಳಬೇಕು ಎಂದಾಯಿತು.

ಅದೇ ವಾರ ಮಾವ ಗೊಲ್ಲಾಳಪ್ಪನವರು ಕಣ್ಣಿನ ಪೊರೆ ತೆಗೆಸಲು ಊರಿಂದ ಬಂದರು. ಕಾಯುವ ಅಭ್ಯಾಸಕ್ಕೆ ಆಳು ಬೇಕಿತ್ತು. ಮಾವ ತಾವಾಗಿಯೇ ಬಂದು ತಟ್ಟೆಯ ಮುಂದೆ ಕೂತಿದ್ದರು. ಶಿವಗಂಗಾ ಎರಡು ರೊಟ್ಟಿ ಹಾಕಿ, ಅವು ಮುಗಿದ ಮೇಲೆ ಐದು ಎಣಿಸಿದಳು. ಮಾವ ತಟ್ಟೆ ನೋಡಿದರು, ಸೊಸೆಯನ್ನು ನೋಡಿದರು, ಕೈ ತೊಳೆದರು. ನಾಲ್ಕು ರೊಟ್ಟಿಯ ಮನುಷ್ಯ. ಕಣ್ಣಿಗೆ ಕಟ್ಟಿದ ಹಸಿರು ಪಟ್ಟಿಯ ಕೆಳಗೆ ಅವರ ಕೆನ್ನೆ ಮೂರು ದಿನದಲ್ಲಿ ಇಳಿದದ್ದು ಅವಳಿಗೂ ಕಂಡಿತು. ಕಂಡೂ ಎಣಿಸಿದಳು.

ಮೂರನೆಯ ದಿನ ಹುಲಗೇಶನೇ ಕೇಳಿದ, ಮನೆಯಲ್ಲಿ ಜೋಳದ ಹಿಟ್ಟು ತೀರಿದೆಯೇ ಎಂದು. ಇರಲಾರದೆ ಇರುವೆ ಬಿಟ್ಟುಕೊಂಡಂತಾಗಿತ್ತು ಅವಳಿಗೆ. ಪರೀಕ್ಷೆ, ದ್ರಾಕ್ಷಿ, ಐದು ಎಣಿಸುವುದು ಎಲ್ಲ ಹೇಳಿ ಅತ್ತುಬಿಟ್ಟಳು.

“ಹಸಿದೋರ ಮಾರಿ ನೋಡ್ಕೋತ ಕುಂದ್ರೂ ಕೆಲಸ ನನಗ ಬ್ಯಾಡ್ರಿ. ಆಯಾ ಆಗೇ ಇರ್ತೀನಿ.”

ಗೊಲ್ಲಾಳಪ್ಪನವರು ಸಿಟ್ಟಾಗಲಿಲ್ಲ. ಆ ಕೂಸು ಯಾರನ್ನೂ ಏನೂ ಕೇಳುವುದಿಲ್ಲವೇ ಎಂದು ವಿಚಾರಿಸಿದರು. ಇಲ್ಲ ಎಂದಳು. ಅದಕ್ಕೆ ಬೇಕಾದದ್ದು ಯಾರಿಗೂ ತಿಳಿಯದೆ ಹೋದರೆ ಏನು ಮಾಡುತ್ತದೆ ಎಂದರು.

“ಗ್ವಾಡಿಗೆ ಹಣಿ ಬಡ್ಕೋತೈತ್ರಿ ಮಾವ.”

ಅವರು ತೊಳೆದ ಕೈಯಲ್ಲೇ ಮತ್ತೆ ತಟ್ಟೆಯ ಮುಂದೆ ಕೂತು, ಅದನ್ನು ಸೊಸೆಯ ಕಡೆ ಸರಿಸಿದರು. ಅರವತ್ತೆಂಟು ವರ್ಷದಲ್ಲಿ ತಾಯಿಯನ್ನೂ ಹೆಂಡತಿಯನ್ನೂ ಏನನ್ನೂ ಕೇಳದವರು ಬಾಯಿಬಿಟ್ಟು ಕೇಳಿದರು:

“ಇನ್ನೊಂದು ರೊಟ್ಟಿ ಹಾಕವ್ವಾ.”

ಶಿವಗಂಗಾಳಿಗೆ ನೆಲ ಬಿರಿಯಬಾರದೇ ಎನಿಸಿತು. ಆದರೆ ಹಾಕಿದಳು. ಮರುದಿನದಿಂದ ಮಾವ ಎಲ್ಲವನ್ನೂ ಕೇಳಿದರು. ಉಪ್ಪು ಬೇರೆ, ಉಳ್ಳಾಗಡ್ಡಿ ಬೇರೆ. ಮೊದಮೊದಲು ಮುಖ ಗೋಡೆಗೆ ತಿರುಗಿಸಿ ಕೇಳುತ್ತಿದ್ದವರು ವಾರ ಕಳೆಯುವುದರೊಳಗೆ ಮಜ್ಜಿಗೆಯನ್ನು ನೇರವಾಗಿಯೇ ಕೇಳಿದರು. ಅವಳ ಕೈ ಅವಸರಪಟ್ಟರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. “ನಾ ಇನ್ನಾ ಕೇಳಿಲ್ಲ,” ಎನ್ನುತ್ತಿದ್ದರು. ಆ ಕೈಯ ಸಂದಿಯಿಂದ ರೊಟ್ಟಿ ಜಾರಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ವಿಶಾಲಾಕ್ಷಿ ಮೂಲೆಯ ಕುರ್ಚಿಯಲ್ಲಿ ಹಾಳೆ ಹಿಡಿದು ಕೂತರು. ಬಟ್ಟಲಲ್ಲಿ ಸೀಳಿದ ದ್ರಾಕ್ಷಿ, ಮುಂದೆ ಕಾರ್ಡು. ಸಹಸ್ರ ದ್ರಾಕ್ಷಿ ನೋಡಿದಳು. ಒಂದು, ಎರಡು. ಶಿವಗಂಗಾ ತನ್ನ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಕೂತಳು. ಮೂರು. ಹುಡುಗಿ ಗೋಡೆಯ ಕಡೆ ನೋಡಿದಳು. ನಾಲ್ಕು ಎನ್ನುವಾಗ ಶಿವಗಂಗಾಳಿಗೆ ಮಾವನ ಇಳಿದ ಕೆನ್ನೆ ನೆನಪಾಯಿತು. ಹುಡುಗಿ ಕಾರ್ಡು ಎತ್ತಿದಳು, ಒಮ್ಮೆ ತಿರುಗಿಸಿ ನೋಡಿ, ತಂದು ಅವಳ ಎಡಗೈಯಲ್ಲಿ ಇಟ್ಟಳು.

ಶಿವಗಂಗಾ ತೊಡೆಯ ಕೆಳಗಿನ ಕೈ ತೆಗೆದು ಕೂಡಲೇ ದ್ರಾಕ್ಷಿ ಕೊಟ್ಟಳು. ಅವಳಿಗೆ ಜೀವನದಲ್ಲಿ ಅಷ್ಟು ಸಂತೋಷ ಆದದ್ದಿಲ್ಲ, ಮದುವೆಯ ದಿನವೂ ಇಲ್ಲ. ವಿಶಾಲಾಕ್ಷಿ ಕನ್ನಡಕ ಒರೆಸಿಕೊಂಡರು, ಧೂಳು ಭಾಳ ಅದ ಎಂದರು, ಹತ್ತು ಸಲವೂ ಮುಗಿದ ಮೇಲೆ ಪಾಸು ಎಂದು ಬರೆದರು.

ಸಂಜೆ ಮನೆಯಲ್ಲಿ ಶಿವಗಂಗಾ ರೊಟ್ಟಿ ಬಡಿದಳು. ಮಾವ ಮೊದಲನೆಯದು ಮುಗಿಸುವ ಮೊದಲೇ, ಹಳೆಯ ಚಾಳಿಯಂತೆ, ಎರಡನೆಯದನ್ನು ಹಿಡಿದು ಕೈ ಮುಂದೆ ಹೋಯಿತು. ಗೊಲ್ಲಾಳಪ್ಪನವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

“ಕೂಸು ಕೇಳಿತೇನು?”

“ಕೇಳಿತ್ರಿ ಮಾವ. ಹತ್ತರಾಗ ಎಂಟು ಸಲ.”

ಅವರು ಕೈ ತೆಗೆದರು. ಅಂದು ಐದು ರೊಟ್ಟಿ ತಿಂದರು, ಒಂದನ್ನೂ ಕೇಳಲಿಲ್ಲ.