ಫಾಸ್ಟ್ ಮಾನಿಟರಿನ ಗಿರಾಕಿ
ಲಗ್ನಪತ್ರಿಕೆ ಡಿಸೈನ್ ಮಾಡುವ ಸಂಗ್ರಾಮನೆಂಬ ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ನಿಪ್ಪಾಣಿಯ ಕಂಪ್ಯೂಟರ್ ಅಂಗಡಿಯ ಬಾಳಾಸಾಬನಿಗೆ ತಲೆ ಚಿಟ್ಟು ಹಿಡಿಯುತ್ತದೆ. ಅವನ ಗೇಮಿಗೆ ಪರದೆಯ ಚಿತ್ರ ಸೆಕೆಂಡಿಗೆ ನೂರಾ ನಲವತ್ನಾಲ್ಕು ಸಲ ಬದಲಾಗಬೇಕು, ಪತ್ರಿಕೆಯ ಅರಿಶಿನ ಅರಿಶಿನವಾಗಿಯೇ ಕಾಣಬೇಕು, ಕಣ್ಣೂ ಉರಿಯಬಾರದು; ಇಂಥ ಮಾನಿಟರ್ ದೇವಲೋಕದಲ್ಲೂ ಸಿಗಲಿಕ್ಕಿಲ್ಲ. ಮೌಸಿನ ಬಾಣವನ್ನು ಗಿರಗಿರ ತಿರುಗಿಸಿ, "ಹಿಂದ ನೆಳ್ಳ ಬರಾಕತ್ತೈತ್ರಿ, ಇದಕಿಂತ ಫಾಸ್ಟ್ ತೋರಸ್ರಿ" ಎಂದು ಇನ್ನೊಂದು ಬಾಕ್ಸ್ ಬಿಚ್ಚಿಸುತ್ತಾನೆ. ಕೊನೆಗೆ ಪೆನ್‌ಡ್ರೈವ್ ಚುಚ್ಚಿ, ಪ್ರತಿ ಸಲದಂತೆ ಅದೇ ಕುಸ್ತಿ ವಿಡಿಯೊ ಹಚ್ಚುತ್ತಾನೆ. ಅದರಲ್ಲಿ ತೀರಿಹೋದ ಅವನ ಅಪ್ಪ ಎದುರಾಳಿಯನ್ನು ಎತ್ತಿ ಒಗೆಯುವ ಗಳಿಗೆಗೇ ಮುಖ ಮಸುಕಾಗುತ್ತದೆ. "ಇದರಾಗೂ ಅಪ್ಪನ ಮಾರಿ ಕಾಣವಲ್ದ್ರಿ." ಹಳೆಯ ಮೊಬೈಲಿನಲ್ಲಿ ಹಿಡಿದ ವಿಡಿಯೊದಲ್ಲೇ ಆ ಮಸುಕಿದೆ, ಯಾವ ಮಾನಿಟರೂ ಅದನ್ನು ಅಳಿಸದೆಂದು ಬಾಳಾಸಾಬನಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೂ ಗೊಣಗುತ್ತಲೇ ಸ್ಟೂಲು ಹತ್ತಿ, "ತಡಿಪಾ, ಇದೊಂದ ನೋಡೂನು" ಎಂದು ಮೇಲಿನ ಬಾಕ್ಸ್ ಇಳಿಸುತ್ತಾನೆ.